ಬೋರ್ ನೀರಿನ ಬಿಳಿ ಕರೆಗೆ ಯಾವ ಮದ್ದು? ಸಾಫ್ಟ್‌ನರ್, ಆರ್‌ಓ, ನಲ್ಲಿ ಫಿಲ್ಟರ್, ಮಳೆನೀರು: ಬೆಂಗಳೂರಿನ ಮನೆಗಳಿಗೊಂದು ಹೋಲಿಕೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಅಡ್ವಾನ್ಸ್ ಎಷ್ಟು ಅಂತ ಕೇಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ. "ಕಾವೇರಿ ನೀರು ಇದೆಯಾ, ಬರೀ ಬೋರಾ?" ಬರೀ ಬೋರ್ ಅಂತಾದರೆ ಮುಂದಿನ ಕಥೆ ಎಲ್ಲರಿಗೂ ಗೊತ್ತು. ನಲ್ಲಿಯ ಮೇಲೆ ಬಿಳಿ ಕರೆ ಕಟ್ಟುತ್ತದೆ. ಶವರ್‌ನ ಅರ್ಧ ತೂತು ಮುಚ್ಚಿಹೋಗುತ್ತದೆ. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ತೊಗರಿಬೇಳೆ ಬೇಯಲು ಕುಕ್ಕರ್ ಎರಡು ಕೂಗು ಜಾಸ್ತಿ ಕೂಗಬೇಕು.

ಇದಕ್ಕೆ ಪರಿಹಾರ ಅಂತ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಯ ನಲ್ಲಿ ಫಿಲ್ಟರ್‌ನಿಂದ ಹತ್ತಾರು ಸಾವಿರದ ಸಾಫ್ಟ್‌ನರ್‌ವರೆಗೆ ಎಲ್ಲವೂ ಸಿಗುತ್ತದೆ. ಎಲ್ಲದರ ಡಬ್ಬಿಯ ಮೇಲೂ 'ಗಡಸು ನೀರಿಗೆ' ಅಂತಲೇ ಬರೆದಿರುತ್ತದೆ. ಇವನ್ನು ಹೋಲಿಸಲು ಬ್ರ್ಯಾಂಡ್ ನೋಡಿ ಪ್ರಯೋಜನವಿಲ್ಲ, ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ನೋಡಿಯೂ ಪ್ರಯೋಜನವಿಲ್ಲ. ನನ್ನ ಪ್ರಕಾರ ಕೇಳಬೇಕಾದ್ದು ಎರಡೇ ಪ್ರಶ್ನೆ. ನೀರಿನ ಜೊತೆ ದಿನಕ್ಕೆ ಎಷ್ಟು ಗ್ರಾಂ ಸುಣ್ಣ ಮನೆಯೊಳಗೆ ಬರುತ್ತಿದೆ? ಈ ಸಾಧನ ಅದರಲ್ಲಿ ಎಷ್ಟು ಗ್ರಾಂ ಹಿಡಿಯಬಲ್ಲದು?

ಮೊದಲು ಗ್ರಾಂ ಲೆಕ್ಕ

ಗಡಸುತನ ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಎರಡನ್ನೂ ಸೇರಿಸಿ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಅಳೆಯುತ್ತಾರೆ. ಇಲ್ಲಿ ಅದನ್ನೇ ಸುಣ್ಣ ಅನ್ನೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿ 200. ಬೇರೆ ನೀರೇ ಇಲ್ಲ ಅನ್ನುವ ಕಡೆ 600ರವರೆಗೆ ನಡೆಯುತ್ತದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪಾಗಿ ಬರುವ ಕಾವೇರಿ ನೀರು ಹೊಳೆಯ ನೀರು. ಹಾಗಾಗಿ ಅದು ಬೋರ್ ನೀರಿಗಿಂತ ಎಷ್ಟೋ ಮೃದು. ಸಾವಿರ ಅಡಿ ಕೊರೆದು ಕಲ್ಲಿನ ಬಿರುಕಿನಿಂದ ಎತ್ತಿದ ನೀರು ವರ್ಷಗಟ್ಟಲೆ ಬಂಡೆಯ ಜೊತೆ ಕೂತು ಸುಣ್ಣ ಕರಗಿಸಿಕೊಂಡಿರುತ್ತದೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ನಗರಕ್ಕೆ ಸೇರಿಕೊಂಡ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ ಅದು. ಆದರೂ ಕನೆಕ್ಷನ್ ಬಂದ ಎಷ್ಟೋ ಮನೆಗಳಲ್ಲಿ ಸಂಪಿಗೆ ಬೋರ್ ಅಥವಾ ಟ್ಯಾಂಕರ್ ನೀರು ಬೀಳುವುದು ನಿಂತಿಲ್ಲ.

ಈಗ ಲೆಕ್ಕ ಹಾಕಿ. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಅಳತೆ. ನಾಲ್ಕು ಜನರ ಮನೆಗೆ 540 ಲೀಟರ್. ಗಡಸುತನ 500 ಇದ್ದರೆ ದಿನಕ್ಕೆ 270 ಗ್ರಾಂ, ತಿಂಗಳಿಗೆ 8 ಕೆಜಿ ಸುಣ್ಣ. ಇದರಲ್ಲಿ ಬಹುಪಾಲು ಚರಂಡಿ ಸೇರುತ್ತದೆ. ಅಂಟಿಕೊಳ್ಳುವುದು ಎರಡೇ ಕಡೆ: ನೀರು ಕಾಯುವ ಜಾಗ, ನೀರು ಒಣಗುವ ಜಾಗ. ಗೀಜರ್ ರಾಡ್, ಕೆಟಲ್, ಸೋಲಾರ್ ಪೈಪ್ ಮೊದಲನೆಯದು. ನಲ್ಲಿ, ಟೈಲ್ಸ್, ಗಾಜಿನ ಬಾಗಿಲು ಎರಡನೆಯದು. ಫ್ಲಷ್ ಟ್ಯಾಂಕಿಗೆ, ಅಂಗಳ ತೊಳೆಯಲು ಗಡಸು ನೀರು ಬಿದ್ದರೆ ಯಾರಿಗೂ ನಷ್ಟವಿಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಅಳೆಯುವುದು ಹೇಗೆ? ಟಿಡಿಎಸ್ ಮೀಟರ್ ಹೇಳುವುದು ಕರಗಿದ ಎಲ್ಲ ಲವಣಗಳ ಅಂದಾಜನ್ನು. ಅದರಲ್ಲಿ ಸುಣ್ಣ ಎಷ್ಟು, ಅಡುಗೆ ಉಪ್ಪು ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹಾರ್ಡ್‌ನೆಸ್ ಕಿಟ್ ಅಂತಲೇ ಕೇಳಿ ತನ್ನಿ. ಹನಿ ಹನಿಯಾಗಿ ದ್ರಾವಣ ಬಿಟ್ಟು, ಬಣ್ಣ ಬದಲಾಗುವವರೆಗೆ ಎಣಿಸುವ ಕಿಟ್ ಸಿಕ್ಕರೆ, ನೀರಿನಲ್ಲಿ ಅದ್ದಿ ಬಣ್ಣ ನೋಡುವ ಕಾಗದದ ಪಟ್ಟಿಗಿಂತ ಅದೇ ವಾಸಿ. ದೊಡ್ಡ ಖರ್ಚು ಮಾಡುವವರು ಲ್ಯಾಬ್‌ಗೇ ಕೊಡಿ. ಗಡಸುತನದ ಜೊತೆ ಕಬ್ಬಿಣ, ನೈಟ್ರೇಟ್, ಫ್ಲೋರೈಡ್ ಕೂಡ ಬರೆಸಿಕೊಳ್ಳಿ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಮನೆಗೆ ಬರುವ ಕೆಲವು ಸೇಲ್ಸ್‌ಮನ್‌ಗಳು ನಿಮ್ಮ ನೀರಿನ ಲೋಟದಲ್ಲಿ ಎರಡು ಲೋಹದ ಕಡ್ಡಿ ಅದ್ದಿ ಕರೆಂಟ್ ಹಾಯಿಸುತ್ತಾರೆ. ನೀರು ಕಂದು ಬಣ್ಣಕ್ಕೆ ತಿರುಗಿ ಕೆಸರು ತೇಲುತ್ತದೆ. ಪಕ್ಕದ ಆರ್‌ಓ ಲೋಟ ತಿಳಿಯಾಗೇ ಇರುತ್ತದೆ. ಆ ಕೆಸರು ನೀರಿನದ್ದಲ್ಲ, ಕಡ್ಡಿಯ ಕಬ್ಬಿಣದ್ದು! ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಡ್ಡಿ ಸವೆಯುತ್ತದೆ. ಆರ್‌ಓ ನೀರಿನಲ್ಲಿ ಹೆಚ್ಚು ಹರಿಯುವುದಿಲ್ಲ, ಅಷ್ಟೇ. ಆರ್‌ಓ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ಮತ್ತೆ ತೋರಿಸಿ ಅಂತ ಕೇಳಿ ನೋಡಿ.

ಶವರ್ ಫಿಲ್ಟರ್, ನಲ್ಲಿ ಫಿಲ್ಟರ್

ಜಾಸ್ತಿ ಜನ ಮೊದಲು ಕೊಳ್ಳುವುದು ಇದನ್ನೇ. ಲೆಕ್ಕಕ್ಕೆ ನಿಲ್ಲದೇ ಇರುವುದೂ ಇದೇ. ಸುಣ್ಣ ಹಿಡಿಯುವ ಮಣಿಗಳಿಗೆ ರೆಸಿನ್ ಅನ್ನುತ್ತಾರೆ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಸುಣ್ಣ ಹಿಡಿಯುತ್ತದೆ. ಶವರ್ ಫಿಲ್ಟರ್‌ನೊಳಗೆ ಹಿಡಿಸುವುದು ಹೆಚ್ಚೆಂದರೆ 200 ಮಿಲಿ. ಅಂದರೆ 10 ಗ್ರಾಂ. ಗಡಸುತನ 400 ಇರುವ ನೀರಿನಲ್ಲಿ 25 ಲೀಟರ್‌ಗೆ ಅದರ ಕಥೆ ಮುಗಿಯಿತು. ಒಂದೂವರೆ ಬಕೆಟ್ ನೀರು! ಆರು ತಿಂಗಳು ಬಾಳುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಅದು ಬೇರೆ ಯಾವುದಕ್ಕೋ ಇರಬೇಕು. ಒಳಗಿನ ಕಾರ್ಬನ್ ಕ್ಲೋರಿನ್ ವಾಸನೆ ತೆಗೆಯುತ್ತದೆ, ಮರಳು ಮಣ್ಣು ಹಿಡಿಯುತ್ತದೆ. ಬೋರ್ ನೀರಿನಲ್ಲಿ ಕ್ಲೋರಿನ್ ಎಲ್ಲಿಂದ ಬಂತು?

ವಾಷಿಂಗ್ ಮಷಿನ್ ಪೈಪಿಗೆ ಹಾಕುವ, ಒಳಗೆ ಬಿಳಿ ಹರಳು ಕಾಣುವ ಡಬ್ಬಿಗಳ ವಿಷಯ ಬೇರೆ. ಅದರಲ್ಲಿರುವುದು ಪಾಲಿಫಾಸ್ಫೇಟ್. ಅದು ಸುಣ್ಣವನ್ನು ತೆಗೆಯುವುದಿಲ್ಲ, ಅಂಟದ ಹಾಗೆ ಕಟ್ಟಿಹಾಕುತ್ತದೆ. ತಣ್ಣೀರು ಅಥವಾ ಬೆಚ್ಚಗಿನ ನೀರಿನಲ್ಲಿ ಬಟ್ಟೆ ಒಗೆಯುವವರಿಗೆ ಸಾಕು. ನೀರು ಜಾಸ್ತಿ ಬಿಸಿಯಾದರೆ ಅದರ ಹಿಡಿತ ಸಡಿಲವಾಗುತ್ತದೆ. ಹರಳು ಕರಗಿದ ಮೇಲೆ ಮತ್ತೆ ತುಂಬದಿದ್ದರೆ ಅದು ಖಾಲಿ ಡಬ್ಬಿ. ಕುಡಿಯುವ ನೀರಿನ ಪೈಪಿಗೆ ಇದನ್ನು ಹಾಕಬೇಡಿ.

ಆರ್‌ಓ: ಕುಡಿಯಲು ಸರಿ, ಮನೆಗೆಲ್ಲ ಬೇಡ

ಆರ್‌ಓ ಗಡಸುತನವನ್ನು ನಿಜವಾಗಿಯೂ ತೆಗೆಯುತ್ತದೆ. ಜೊತೆಗೆ ಫ್ಲೋರೈಡ್, ನೈಟ್ರೇಟ್‌ಗಳನ್ನೂ ಬಹುಮಟ್ಟಿಗೆ ತೆಗೆಯುತ್ತದೆ. ಬೋರ್ ನೀರು ಕುಡಿಯಲೇಬೇಕಾದ ಮನೆಗೆ ಇದೇ ಸರಿಯಾದ ಆಯ್ಕೆ. ಆದರೆ ಒಂದು ಲೀಟರ್ ಒಳ್ಳೆ ನೀರಿಗೆ ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಅದಕ್ಕೇ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಅಂತ ಹೇಳಿತ್ತು. ಕಾವೇರಿ ನೀರಿಗೆ ಆರ್‌ಓ ಹಾಕಿಸುವುದು ಸುಮ್ನೆ ದಂಡ. ಅಲ್ಲಿ ಬೆಳಕಿನ ಕಿರಣದಿಂದ ಕ್ರಿಮಿ ಕೊಲ್ಲುವ ಯುವಿ ಸಾಕು.

ಆರ್‌ಓ ವೇಸ್ಟ್ ನೀರನ್ನು ಹಿಡಿದು ವಾಷಿಂಗ್ ಮಷಿನ್‌ಗೆ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ತೆಗೆದ ಸುಣ್ಣವೆಲ್ಲ ಆ ನೀರಿಗೇ ಸೇರಿರುತ್ತದೆ. ಅದು ಬೋರ್ ನೀರಿಗಿಂತ ಗಡಸು. ಕುಂಡದ ಗಿಡಕ್ಕೂ ದಿನಾ ಹಾಕುವಂಥದ್ದಲ್ಲ. ಕಕ್ಕಸಿಗೆ ಸುರಿಯಲು, ನೆಲ ಒರೆಸಲು ಬಳಸಿ.

ಬೇಳೆ ಬೇಯಿಸಲು, ಕಾಫಿ ಡಿಕಾಕ್ಷನ್‌ಗೆ ಆರ್‌ಓ ನೀರನ್ನೇ ಬಳಸಿದರೆ ಅಡುಗೆಮನೆಯ ತೊಂದರೆ ಅರ್ಧ ಮುಗಿಯುತ್ತದೆ. ಕಾಳುಬೇಳೆಯ ಸಿಪ್ಪೆ, ತಿರುಳಿನಲ್ಲಿರುವ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಬಿಗಿಯಾಗಿ ಕಟ್ಟುತ್ತದೆ. ಬೇಳೆ ಮೆತ್ತಗಾಗದಿರುವುದು ಅದಕ್ಕೇ. ಆರ್‌ಓ ಮಷಿನ್ ಇಲ್ಲದವರು ಬೀದಿಯ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತಂದು ಅಡುಗೆಗೂ ಬಳಸುವುದುಂಟು. ಅದು ಬುದ್ಧಿವಂತರ ಕೆಲಸವೇ.

ಇಡೀ ಮನೆಗೆ ಸಾಫ್ಟ್‌ನರ್

ಇದು ನಿಜಕ್ಕೂ ಕೆಲಸ ಮಾಡುವ ಸಾಧನ. ಉದ್ದನೆಯ ಸಿಲಿಂಡರ್‌ನಲ್ಲಿ ರೆಸಿನ್ ಮಣಿಗಳಿರುತ್ತವೆ. ನೀರು ಹಾಯುವಾಗ ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಮಣಿಗಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ಮತ್ತೆ ಹೊಸದು ಮಾಡಬೇಕು. ಗಮನಿಸಿ: ಇಲ್ಲಿ ಒಂದು ಹೋಗಿ ಇನ್ನೊಂದು ಬಂದಿದೆ. ಆದ್ದರಿಂದ ಟಿಡಿಎಸ್ ಇಳಿಯುವುದಿಲ್ಲ. ಸಾಫ್ಟ್‌ನರ್ ಹಾಕಿಸಿದ ಮರುದಿನ ಟಿಡಿಎಸ್ ಮೀಟರ್ ಅದ್ದಿ "ಮೋಸ ಆಯ್ತು" ಅನ್ನುವವರು ಬಹಳ. ಪಾಪ, ಮಷಿನ್ ಸರಿಯಾಗೇ ಇರುತ್ತದೆ.

ಗ್ರಾಂ ಲೆಕ್ಕಕ್ಕೆ ಬರೋಣ. 25 ಲೀಟರ್ ರೆಸಿನ್ ಇದ್ದರೆ ಸುಮಾರು 1,250 ಗ್ರಾಂ ಹಿಡಿಯುತ್ತದೆ. ದಿನಕ್ಕೆ 270 ಗ್ರಾಂ ಬರುವ ಮನೆಯಲ್ಲಿ ನಾಲ್ಕೂವರೆ ದಿನಕ್ಕೊಮ್ಮೆ ಉಪ್ಪು ಕೇಳುತ್ತದೆ. ಪ್ರತಿ ಸಲ ಮೂರು ನಾಲ್ಕು ಕೆಜಿ. ತಿಂಗಳಿಗೆ 20 ಕೆಜಿ ದಾಟುತ್ತದೆ. ತೊಳೆಯಲು ಪ್ರತಿ ಸಲವೂ ನೂರಾರು ಲೀಟರ್ ನೀರು ಚರಂಡಿಗೆ. ಟ್ಯಾಂಕರ್‌ಗೆ ದುಡ್ಡು ಕೊಡುವ ಮನೆಯಲ್ಲಿ ಇದೂ ಖರ್ಚೇ ಅಲ್ವಾ?

ಅದೇ ಸಾಫ್ಟ್‌ನರ್ ಅನ್ನು ಸ್ನಾನದ ಮನೆ ಮತ್ತು ಗೀಜರ್ ಲೈನಿಗೆ ಮಾತ್ರ ಕೊಟ್ಟರೆ? ದಿನಕ್ಕೆ 200 ಲೀಟರ್ ಅಂದುಕೊಳ್ಳಿ. 100 ಗ್ರಾಂ ಸುಣ್ಣ. ಹನ್ನೆರಡು ದಿನಕ್ಕೊಮ್ಮೆ ಉಪ್ಪು ಹಾಕಿದರೆ ಆಯಿತು. ಸ್ವಂತ ಮನೆ ಕಟ್ಟುತ್ತಿರುವವರು ಪೈಪ್ ಎಳೆಯುವಾಗಲೇ ಫ್ಲಷ್ ಮತ್ತು ಹೊರಗಿನ ನಲ್ಲಿಗಳ ಲೈನ್ ಬೇರೆ ಮಾಡಿಸಿಕೊಳ್ಳಿ. ಗೋಡೆ ಪ್ಲಾಸ್ಟರ್ ಆದ ಮೇಲೆ ಪ್ಲಂಬರ್ ಕರೆದರೆ ಅದೇ ಕೆಲಸಕ್ಕೆ ನಾಲ್ಕು ಪಟ್ಟು ಕಿರಿಕಿರಿ.

ಅಡುಗೆಮನೆಯ ತಣ್ಣೀರಿನ ನಲ್ಲಿಗೆ ಸಾಫ್ಟ್‌ನರ್ ನೀರು ಕೊಡದಿರುವುದು ವಾಸಿ. 100 ಮಿಲಿಗ್ರಾಂ ಗಡಸುತನ ಕಳೆದರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 500 ಕಳೆದರೆ 230. ಬಿಪಿ ಇರುವವರಿಗೆ ಉಪ್ಪು ಕಡಿಮೆ ತಿನ್ನಿ ಅಂತ ಡಾಕ್ಟರ್ ಹೇಳಿರುವ ಮನೆಯಲ್ಲಿ ಇದು ಬೇಕಿಲ್ಲದ ಉಪ್ಪು. ಕುಡಿಯಲು ಆರ್‌ಓ ಇದ್ದರೆ ತೊಂದರೆಯಿಲ್ಲ, ಅದು ಸೋಡಿಯಂ ಕೂಡ ತೆಗೆಯುತ್ತದೆ. ಸಾಫ್ಟ್‌ನರ್ ಮಾತ್ರ ನೈಟ್ರೇಟ್, ಫ್ಲೋರೈಡ್ ತೆಗೆಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದವರಿಗೆ ಫ್ಲೋರೈಡ್ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಲ್ಯಾಬ್‌ನಲ್ಲಿ ಬರೆಸಿಕೊಳ್ಳಿ ಅಂದದ್ದು ಇದಕ್ಕೇ. ಕಬ್ಬಿಣ ಜಾಸ್ತಿ ಇದ್ದರೆ ಅದು ರೆಸಿನ್ ಮೇಲೆ ಕೂತು ಅದನ್ನೇ ಹಾಳು ಮಾಡುತ್ತದೆ. ಮುಂದೊಂದು ಐರನ್ ಫಿಲ್ಟರ್ ಬೇಕಾಗುತ್ತದೆ.

ಟ್ಯಾಂಕರ್ ನೀರಿನವರಿಗೆ ಇನ್ನೊಂದು ತಲೆನೋವು. ಇವತ್ತಿನ ಲೋಡ್ ಒಂದು ಬೋರ್‌ನದ್ದು, ನಾಳಿನದು ಇನ್ನೊಂದರದ್ದು. ಆಟೋಮ್ಯಾಟಿಕ್ ಸಾಫ್ಟ್‌ನರ್ ಎಷ್ಟು ಲೀಟರ್ ಹಾದುಹೋಯಿತು ಅಂತ ಎಣಿಸುತ್ತದೆಯೇ ಹೊರತು, ಗಡಸುತನ ಅಳೆಯುವುದಿಲ್ಲ. ನೀವು ಒತ್ತಿದ ಅಂಕಿಯನ್ನೇ ನಂಬಿ ಕೂತಿರುತ್ತದೆ. ಮೂರು ನಾಲ್ಕು ಲೋಡ್ ಅಳೆದು, ಅದರಲ್ಲಿ ಕೆಟ್ಟದ್ದಕ್ಕೆ ಸೆಟ್ ಮಾಡಿ.

ಅಪಾರ್ಟ್‌ಮೆಂಟ್ ಸಂಘದವರಿಗೆ ಒಂದು ಮಾತು, ಮೀಟಿಂಗ್‌ನಲ್ಲಿ ಯಾರೂ ಎತ್ತದ್ದು. ಇಡೀ ಕಟ್ಟಡಕ್ಕೆ ಸಾಫ್ಟ್‌ನರ್ ಹಾಕಿದರೆ ಆ ಉಪ್ಪೆಲ್ಲ ಕೊನೆಗೆ ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಕ್ಕೆ ಹೋಗುತ್ತದೆ. ಎಸ್‌ಟಿಪಿ ಉಪ್ಪು ತೆಗೆಯುವುದಿಲ್ಲ. ಅದೇ ನೀರನ್ನು ತೋಟಕ್ಕೆ ಬಿಟ್ಟರೆ ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗುತ್ತದೆ, ಗಿಡಗಳ ಎಲೆ ಅಂಚು ಸುಡುತ್ತದೆ. ಮಾಲಿಯ ಮೇಲೆ ರೇಗಿ ಪ್ರಯೋಜನವಿಲ್ಲ. ರೆಸಿನ್ ತೊಳೆದ ಉಪ್ಪುನೀರಿಗೆ (ರೀಜನರೇಷನ್ ನೀರು) ಬೇರೆ ದಾರಿ ಇದೆಯಾ ಅಂತ ಕೊಟೇಶನ್ ತರಿಸುವಾಗಲೇ ಕೇಳಿ.

ಉಪ್ಪು ಬೇಡದ ಮಷಿನ್‌ಗಳು

ಪೈಪಿಗೆ ಅಯಸ್ಕಾಂತ ಕಟ್ಟುವುದು, ವೈರ್ ಸುತ್ತಿ ಕರೆಂಟ್ ಕೊಡುವುದು ಇವೆಲ್ಲ ಬಹಳ ವರ್ಷಗಳಿಂದ ಮಾರುಕಟ್ಟೆಯಲ್ಲಿವೆ. ಇವು ನೀರಿನಿಂದ ಒಂದು ಗ್ರಾಂ ಸುಣ್ಣವನ್ನೂ ತೆಗೆಯುವುದಿಲ್ಲ, ಕಂಪನಿಯವರೂ ಹಾಗೆ ಹೇಳುವುದಿಲ್ಲ. 'ಅಂಟದ ಹಾಗೆ ಮಾಡುತ್ತದೆ' ಅನ್ನುತ್ತಾರೆ. ಪರೀಕ್ಷೆಗಳ ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ. ನಾನಾದರೆ ದುಡ್ಡು ಹಾಕುವುದಿಲ್ಲ. ಸುಣ್ಣವನ್ನು ಸಣ್ಣ ಹರಳಾಗಿಸುವ ವಿಶೇಷ ಮಣಿಗಳ ಸಾಧನಗಳು ಬೇರೆ ಜಾತಿ. ಗೀಜರ್‌ನಲ್ಲಿ ಪದರ ಕಟ್ಟುವುದನ್ನು ಅವು ತಗ್ಗಿಸುತ್ತವೆ. ಆದರೆ ನೊರೆ ಬರುವುದಿಲ್ಲ, ನಲ್ಲಿಯ ಬಿಳಿ ಕಲೆಯೂ ಹೋಗುವುದಿಲ್ಲ.

ಎರಡು ಟ್ಯಾಂಕ್, ಒಂದು ವಾಲ್ವ್, ಮಳೆ

ಮಷಿನ್ ಮಾರುವವರು ಇದನ್ನು ಹೇಳುವುದಿಲ್ಲ. ಇದರಲ್ಲಿ ಅವರಿಗೆ ಲಾಭವಿಲ್ಲ. ಕಾವೇರಿ ಮತ್ತು ಬೋರ್ ಎರಡೂ ಇರುವ ಮನೆಯಲ್ಲಿ ಎರಡನ್ನೂ ಒಂದೇ ಸಂಪಿಗೆ ಬಿಟ್ಟು ಕಲಸುತ್ತಾರೆ. 600 ಗಡಸುತನದ ಬೋರ್ ನೀರಿಗೆ 100ರ ಕಾವೇರಿ ನೀರು ಸಮ ಸಮ ಬೆರೆಸಿದರೆ 350 ಆಗುತ್ತದೆ. ಕಾವೇರಿಯ ಒಳ್ಳೆಯತನ ಫ್ಲಷ್‌ನಲ್ಲಿ ಹರಿದುಹೋಗುತ್ತದೆ. ಅದರ ಬದಲು ಮೇಲೆ ಎರಡು ಟ್ಯಾಂಕ್ ಇಡಿ. ಕಾವೇರಿ ಟ್ಯಾಂಕಿನಿಂದ ಅಡುಗೆಮನೆ, ಗೀಜರ್, ಸ್ನಾನ, ವಾಷಿಂಗ್ ಮಷಿನ್. ಬೋರ್ ಟ್ಯಾಂಕಿನಿಂದ ಫ್ಲಷ್, ಅಂಗಳ, ಕಾರು. ದಿನ ಬಿಟ್ಟು ದಿನ ಕಾವೇರಿ ಬಂದರೂ ಇಷ್ಟಕ್ಕೆ ಸಾಲುತ್ತದೆ. ನಡುವೆ ಒಂದು ವಾಲ್ವ್ ಇಟ್ಟರೆ ಕಾವೇರಿ ಬಾರದ ವಾರ ಬೋರ್ ನೀರನ್ನೇ ತಿರುಗಿಸಿಕೊಳ್ಳಬಹುದು. ಒಂದು ಟ್ಯಾಂಕ್, ಒಂದಿಷ್ಟು ಪೈಪ್, ಪ್ಲಂಬರ್ ಕೂಲಿ. ಸಾಫ್ಟ್‌ನರ್ ಬೆಲೆಯ ಮುಂದೆ ಇದು ಏನೂ ಅಲ್ಲ.

ಕಾವೇರಿ ಇಲ್ಲದವರಿಗೆ ಮಳೆಯಿದೆ. ಮಳೆನೀರಿನಲ್ಲಿ ಸುಣ್ಣ ಇಲ್ಲವೆಂದೇ ಹೇಳಬೇಕು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಸಾವಿರ ಚದರಡಿ ತಾರಸಿಯಿಂದ ವರ್ಷಕ್ಕೆ 70,000 ಲೀಟರ್‌ಗೂ ಜಾಸ್ತಿ ಹಿಡಿಯಬಹುದು. 25 ಮಿಲಿಮೀಟರಿನ ಒಂದು ಜೋರು ಮಳೆಗೆ ಸುಮಾರು 2,000 ಲೀಟರ್. ಜಲಮಂಡಳಿ 2009ರಿಂದಲೇ ಮಳೆಕೊಯ್ಲು ಕಡ್ಡಾಯ ಮಾಡಿದೆ. 30-40 ಸೈಟಿನ ಹೊಸ ಮನೆಗೂ, 40-60 ಸೈಟಿನ ಹಳೆ ಮನೆಗೂ ಅದು ಅನ್ವಯಿಸುತ್ತದೆ. ಬಹಳ ಜನ ನೆಪಕ್ಕೆ ಒಂದು ಪೈಪ್ ಇಳಿಬಿಟ್ಟು ಚರಂಡಿಗೆ ಸೇರಿಸಿರುತ್ತಾರೆ. ಅದೇ ಪೈಪನ್ನು ಮೊದಲ ಮಳೆಯ ಕೊಳೆ ಬಿಟ್ಟು, ಫಿಲ್ಟರ್ ಮೂಲಕ ಸಂಪಿಗೆ ತಿರುಗಿಸಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಗೀಜರ್‌ಗೆ ಒಳ್ಳೆ ಕಾಲ. ಜನವರಿಯಿಂದ ಏಪ್ರಿಲ್‌ವರೆಗೆ ಇದು ಉಪಯೋಗಕ್ಕೆ ಬರುವುದಿಲ್ಲ ಅನ್ನೋದೂ ನಿಜ. ಗಡಸು ಜಾಸ್ತಿ ಕಾಡುವುದೂ ಆಗಲೇ.

ಕೊಳ್ಳುವ ವಸ್ತುವಿನಲ್ಲೇ ಆಯ್ಕೆ

ನೀರು ಬದಲಿಸಲಾಗದಿದ್ದರೆ ಅದನ್ನು ತಡೆಯುವ ವಸ್ತು ಕೊಳ್ಳಿ. ಸೋಲಾರ್ ಹಾಕಿಸುವವರು ಬೋರ್ ನೀರಿಗೆ ಗಾಜಿನ ಕೊಳವೆಯದ್ದನ್ನು ತೆಗೆದುಕೊಳ್ಳಿ. ತಾಮ್ರದ ಸಣ್ಣ ಪೈಪಿನ ಫ್ಲ್ಯಾಟ್ ಪ್ಲೇಟ್‌ನಲ್ಲಿ ಸುಣ್ಣ ಕಟ್ಟಿ ನೀರು ಹರಿಯುವುದೇ ನಿಲ್ಲುತ್ತದೆ. ಫ್ಲ್ಯಾಟ್ ಪ್ಲೇಟೇ ಬೇಕು ಅಂದರೆ ಬೋರ್ ನೀರು ಆ ಸಣ್ಣ ಪೈಪಿಗೆ ಹೋಗದ ಹಾಗೆ ಮಾಡುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ. ಗ್ಯಾಸ್ ಗೀಜರ್ ಮತ್ತು ಮೂರು ಲೀಟರಿನ ಇನ್‌ಸ್ಟಂಟ್ ಗೀಜರ್ ಬೇಗ ಕಟ್ಟಿಕೊಳ್ಳುತ್ತವೆ. ಒಳಗೆ ಗಾಜಿನ ಲೇಪವಿರುವ ಸ್ಟೋರೇಜ್ ಗೀಜರ್ ವಾಸಿ. ಅದರ ಡಯಲ್ ಅನ್ನು ತುದಿಗೆ ತಿರುಗಿಸಬೇಡಿ. ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕೂರುತ್ತದೆ. ವರ್ಷಕ್ಕೊಮ್ಮೆ ಸರ್ವಿಸ್‌ಗೆ ಬಂದವರಿಗೆ ಟ್ಯಾಂಕಿಗೆ ತುಕ್ಕು ಹಿಡಿಯದ ಹಾಗೆ ತಾನೇ ಸವೆಯುವ ಆ್ಯನೋಡ್ ರಾಡ್ ತೋರಿಸಿ ಅನ್ನಿ.

ಡಿಶ್‌ವಾಷರ್‌ಗಳಲ್ಲಿ ಸಾಮಾನ್ಯವಾಗಿ ಒಳಗೇ ಒಂದು ಸಣ್ಣ ಸಾಫ್ಟ್‌ನರ್ ಇರುತ್ತದೆ, ಉಪ್ಪು ಹಾಕುವುದು ಅದಕ್ಕೇ. ಅದರ ಪುಸ್ತಕದಲ್ಲಿ ಗಡಸುತನವನ್ನು ಜರ್ಮನ್ ಡಿಗ್ರಿಯಲ್ಲಿ ಕೊಟ್ಟಿರುತ್ತಾರೆ. ನಿಮ್ಮ ಅಂಕಿಯನ್ನು 17.8ರಿಂದ ಭಾಗಿಸಿ. 500 ಅಂದರೆ 28 ಡಿಗ್ರಿ.

ನಿಂಬೆ ಉಪ್ಪು

ಬಾಡಿಗೆ ಮನೆಯವರಿಗೆ ನನ್ನ ಮೊದಲ ಆಯ್ಕೆ ಇದೇ. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. ಲೀಟರ್ ಬೆಚ್ಚಗಿನ ನೀರಿಗೆ ಎರಡು ಮೂರು ಚಮಚ ಹಾಕಿ ಶವರ್ ತಲೆಯನ್ನು ಒಂದೆರಡು ಗಂಟೆ ನೆನೆಸಿ. ಕೆಟಲ್‌ಗೂ ಇದೇ. ಖಾಲಿ ವಾಷಿಂಗ್ ಮಷಿನ್‌ಗೆ 100 ಗ್ರಾಂ ಹಾಕಿ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿ. ಬಾತ್‌ರೂಮ್ ಆ್ಯಸಿಡ್ ಕರೆಯನ್ನು ಬೇಗ ತೆಗೆಯುತ್ತದೆ, ನಲ್ಲಿಯ ಕ್ರೋಮ್ ಹೊಳಪನ್ನೂ ತೆಗೆಯುತ್ತದೆ. ಯಾವ ಆ್ಯಸಿಡ್ ಆದರೂ ಬ್ಲೀಚ್ ಜೊತೆ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಮಾರ್ಬಲ್, ಮೊಸಾಯಿಕ್ ನೆಲಕ್ಕೆ ನಿಂಬೆ ಉಪ್ಪೂ ಬೇಡ, ಆ ಕಲ್ಲೂ ಸುಣ್ಣವೇ ತಾನೆ.

ಕೂದಲು, ಚರ್ಮ, ಕಿಡ್ನಿ ಕಲ್ಲು

ಕೂದಲು ಒರಟಾಗುತ್ತದೆ, ಸೋಪಿನ ಅಂಟು ಉಳಿಯುತ್ತದೆ, ಅದು ನಿಜ. ಬುಡದಿಂದ ಉದುರುವುದಕ್ಕೆ ನೀರೇ ಕಾರಣ ಅನ್ನಲು ಗಟ್ಟಿ ಆಧಾರವಿಲ್ಲ. ಥೈರಾಯ್ಡ್, ಕಬ್ಬಿಣದ ಕೊರತೆ ಮೊದಲು ನೋಡಿಸಿ. ಕೊನೆಯ ಒಂದೆರಡು ಚೊಂಬು ಆರ್‌ಓ ಅಥವಾ ಮಳೆನೀರು ಸುರಿದುಕೊಂಡರೆ ಒರಟುತನ ಕಡಿಮೆಯಾಗುತ್ತದೆ, ಖರ್ಚೂ ಇಲ್ಲ. ಇಸುಬಿಗೆ ಸಾಫ್ಟ್‌ನರ್ ಮದ್ದು ಅಂತ ನಂಬಿ ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಫ್ಟ್‌ನರ್‌ನಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ಕಿಡ್ನಿ ಕಲ್ಲಿಗೆ ಗಡಸು ನೀರಿಗಿಂತ ನೀರು ಕಡಿಮೆ ಕುಡಿಯುವುದೇ ದೊಡ್ಡ ಕಾರಣ.

ಹಾಗಾದರೆ ಯಾರಿಗೆ ಯಾವುದು?

ಬಾಡಿಗೆ ಮನೆ, ಬೋರ್ ನೀರು: ಕುಡಿಯಲು ಮತ್ತು ಬೇಳೆಗೆ ಆರ್‌ಓ ಅಥವಾ ಕ್ಯಾನ್, ಮಷಿನ್ ಪೈಪಿಗೆ ಹರಳಿನ ಡಬ್ಬಿ, ಮಿಕ್ಕದ್ದಕ್ಕೆ ನಿಂಬೆ ಉಪ್ಪು. ಸ್ವಂತ ಮನೆ, ಕಾವೇರಿಯೂ ಇದೆ: ಎರಡು ಟ್ಯಾಂಕ್, ಅಷ್ಟೇ ಸಾಕು. ಸ್ವಂತ ಮನೆ, ಬರೀ ಬೋರ್: 300ರ ಒಳಗಿದ್ದರೆ ಸಾಫ್ಟ್‌ನರ್ ಇಲ್ಲದೆಯೇ ನಡೆಸಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಮಳೆನೀರು, ಜೊತೆಗೆ ಸ್ನಾನದ ಲೈನಿಗೆ ಮಾತ್ರ ಸಾಫ್ಟ್‌ನರ್. ಅಡ್ವಾನ್ಸ್ ಕೊಡುವ ಮೊದಲು ಕೊಟೇಶನ್‌ನಲ್ಲಿ ಇಷ್ಟು ಬರೆಸಿಕೊಳ್ಳಿ: ರೆಸಿನ್ ಎಷ್ಟು ಲೀಟರ್, ನಿಮ್ಮ ಗಡಸುತನಕ್ಕೆ ಎಷ್ಟು ಲೀಟರ್ ನೀರಿಗೊಮ್ಮೆ ಉಪ್ಪು, ಪ್ರತಿ ಸಲ ಎಷ್ಟು ಕೆಜಿ, ತೊಳೆಯಲು ಎಷ್ಟು ನೀರು. ಈ ನಾಲ್ಕು ಅಂಕಿ ಬರೆದುಕೊಡದ ಡೀಲರ್‌ನನ್ನು ಬಿಟ್ಟು ಪಕ್ಕದ ಅಂಗಡಿಗೆ ಹೋಗಿ.